ಹಾಲೆಮನೆಯ ಮೂವರು – ಹದಿನೇಳನೇ ಕಂತು: ಅಚ್ಚೋರು

ಅಕ್ಷರ ಕೆಂಪಗಿತ್ತು.

ಉಳಿದ ಸಾಲೆಲ್ಲ ನೀಲಿ ಶಾಯಿ. ದಾಖಲಾತಿ ಸಂಖ್ಯೆ ಅರವತ್ತೊಂದು, ೧೯೮೧ನೇ ಇಸವಿ, ಜೂನ್. ಹುಡುಗನ ಹೆಸರು ರವೀಂದ್ರ. ತಂದೆ ಕೃಷ್ಣಪ್ಪ. ಸ್ವಂತ ಊರು ಕಟ್ಟಾಯ. ಮನೆತನದ ಕಾಲಮ್ಮಿನಲ್ಲಿ ‘ಆಲೆಮನೆ’ ಎಂದಿತ್ತು. ಮೊದಲ ಅಕ್ಷರದ ಮೇಲೆ ಒಂದು ಗೀಟು. ಗೀಟಿನ ಮೇಲೆ ಕೆಂಪಿನಲ್ಲಿ ‘ಹಾ’. ಪಕ್ಕದಲ್ಲಿ ಸಣ್ಣದಾಗಿ ತಿ.ನಾ.

ಸಬ್‌ಇನ್‌ಸ್ಪೆಕ್ಟರ್ ಸ್ಪಂದನಾ ಮೊಬೈಲಿನಲ್ಲಿ ಮೂರು ಫೋಟೋ ತೆಗೆದಳು. ಖುಷಿಯಾಗಬೇಕಿತ್ತು. ಆಗಲಿಲ್ಲ. ಈ ಕೇಸಿನಲ್ಲಿ ಅವಳಿಗೆ ಏನಾದರೂ ಅನಿಸುವುದು ನಿಂತು ತಿಂಗಳಾಗಿತ್ತು.

“ಏನಾದ್ರೂ ತಪ್ಪಿದೆಯಾ ಮೇಡಂ?” ಮುಖ್ಯಶಿಕ್ಷಕಿ ಅನ್ವಿತಾ ರಿಜಿಸ್ಟರನ್ನು ತನ್ನ ಕಡೆ ತಿರುಗಿಸಿಕೊಂಡಳು. ಅರಕಲಗೂಡಿನ ಹೊರಗಿನ ಹಳೇ ಶಾಲೆ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಗ್ಗಿ ಹೇಳುತ್ತಿದ್ದರು. “ಇಂಥ ತಿದ್ದುಪಡಿ ಪುಟಕ್ಕೆ ಹತ್ತು ಸಿಗುತ್ತೆ. ಅಪ್ಪಂದಿರು ಹಾಸನಕ್ಕೆ ಆಸನ ಅಂತಾರೆ, ಹನುಮಂತನಿಗೆ ಅನ್ಮಂತ ಅಂತಾರೆ. ಬಿಟ್ಟ ‘ಹ’ನ ಮೇಷ್ಟ್ರು ವಾಪಸ್ ಹಾಕ್ತಾರೆ. ನಾನೂ ಹಾಕ್ತೀನಿ.”

“ಈ ಅಪ್ಪ ಬಿಟ್ಟಿರಲಿಲ್ಲ.”

ನಿನ್ನೆ ಕಟ್ಟಾಯದಲ್ಲಿ ಕೃಷ್ಣಪ್ಪನ ಹೆಂಡತಿ ದೊಡ್ಡಮ್ಮ ಅದನ್ನು ಒಂದೇ ಮಾತಿನಲ್ಲಿ ಹೇಳಿದ್ದಳು. ‘ನಮ್ದು ಆಲೆಮನೆ ಕಣವ್ವ. ಕಬ್ಬು ಅರೀತಿದ್ವಿ, ಬೆಲ್ಲ ಕಾಯಿಸ್ತಿದ್ವಿ. ಅದ್ರಾಗೆ ಆಲೂ ಇಲ್ಲ, ಮೊಸ್ರೂ ಇಲ್ಲ.’

ಹಾಲೆಮನೆ ಬೇರೆಯೇ. ಅದು ಹೊಳೆನರಸೀಪುರದ ಕೋಟೆ ಬೀದಿಯ ಮನೆ. ಅಲ್ಲಿನ ಗಿರಿಧರ ಕಾಲೇಜು ಪ್ರಿನ್ಸಿಪಾಲರಾಗಿ ಹೆಸರು ಮಾಡಿದವರು. ಅವರ ಅಕ್ಕ ಚೂಡಾಮಣಿ ಹಾಡುಗಾರ್ತಿ. ಶಾಲೆಯ ಕೆಂಪು ಶಾಯಿಯಿಂದಾಗಿ ಕಟ್ಟಾಯದ ರವೀಂದ್ರನೂ ಅದೇ ಮನೆತನದ ಹೆಸರು ಹೊತ್ತುಕೊಂಡು ಹೋಗಿ ಸಿನಿಮಾ ಡೈರೆಕ್ಟರಾದ. ಶಿಕ್ಷಣ, ಸಂಗೀತ, ಸಿನಿಮಾ. ಒಂದೇ ಮನೆಯ ಮೂವರು ಎಂದು ಇಡೀ ಜಿಲ್ಲೆ ನಂಬಿತು. ಯಾರೂ ಯಾರನ್ನೂ ಕೇಳಲಿಲ್ಲ.

“ತಿ.ನಾ. ಅಂದರೆ?” ಅನ್ವಿತಾ ಕೇಳಿದಳು.

“ತಿರುನಾರಾಯಣ. ಆಗ ಇಲ್ಲಿ ಮೇಷ್ಟ್ರು.”

“ಹೊಳೇಲಿ ಹೋದವರಾ?”

“ಹೌದು.”

ಅನ್ವಿತಾ ರಿಜಿಸ್ಟರನ್ನು ಮುಚ್ಚಲಿಲ್ಲ. ಕೆಂಪು ಅಕ್ಷರದ ಮೇಲೆ ಬೆರಳಿಟ್ಟು ಹಾಗೇ ಕೂತಳು. ನಾಳೆಯಿಂದ ಅವಳು ‘ಹ’ ಹಾಕುವ ಮುಂಚೆ ಎರಡು ಸಲ ಯೋಚಿಸುತ್ತಾಳೆ ಎಂದು ಸ್ಪಂದನಾಗೆ ಅನಿಸಿತು. ಒಂದು ವಾರ. ಆಮೇಲೆ ಮತ್ತೆ ಮೊದಲಿನಂತೆ.

---

ಜೀಪು ಹತ್ತುವಾಗಲೇ ಸರ್ಕಲ್ ಇನ್‌ಸ್ಪೆಕ್ಟರ್ ರಜನೀಶ್ ಫೋನು.

“ಎಲ್ಲಿದೀರಿ?”

“ಅರಕಲಗೂಡು ಸರ್.”

“ಅರಕಲಗೂಡಲ್ಲಿ ಏನಿದೆ? ಇವತ್ತು ಎಂಬತ್ತೆಂಟನೇ ದಿನ. ತೊಂಬತ್ತು ದಾಟಿದರೆ ರುದ್ರೇಶ ಬೇಲ್ ತಗೊಂಡು ಮನೆಗೆ ಹೋಗ್ತಾನೆ. ಚಾರ್ಜ್‌ಶೀಟ್ ನಾಳೆ ಹತ್ತು ಗಂಟೆಗೆ ನನ್ನ ಟೇಬಲ್ ಮೇಲಿರಬೇಕು.”

“ಅವನು ಮಾಡಿಲ್ಲ ಅನಿಸುತ್ತೆ ಸರ್.”

“ಅನಿಸಿಕೆಗೆ ಕಾಲಂ ಇಲ್ಲ ಸ್ಪಂದನಾ. ಬೇರೆ ಹೆಸರಿದ್ದರೆ ಕೊಡಿ. ಇಲ್ಲಾಂದ್ರೆ ಇರೋ ಹೆಸರು ಬರೀರಿ.”

ರುದ್ರೇಶ ಚನ್ನರಾಯಪಟ್ಟಣದ ಪ್ರೆಸ್ಸಿನವನು. ತಿರುನಾರಾಯಣ ಮೇಷ್ಟ್ರು ನಿವೃತ್ತಿಯಾದ ಮೇಲೆ ಜಿಲ್ಲೆಯ ಮನೆತನಗಳ ಬಗ್ಗೆ ಬರೆಯುತ್ತಿದ್ದ ದಪ್ಪ ಪುಸ್ತಕ ಅವನಲ್ಲಿ ಅಚ್ಚಾಗುತ್ತಿತ್ತು. ಕಾರ್ತಿಕದ ಒಂದು ಮಧ್ಯಾಹ್ನ ಅವನು ಪ್ರೂಫ್ ತಂದುಕೊಡಲು ಹೊಳೆನರಸೀಪುರಕ್ಕೆ ಬಂದ. ಹೋಟೆಲಿನಲ್ಲಿ ಇಬ್ಬರೂ ಕೂಗಾಡಿದರು. ಅದೇ ಸಂಜೆ ಮೇಷ್ಟ್ರು ಹೊಳೆಕಟ್ಟೆಯ ಮೆಟ್ಟಿಲ ಮೇಲೆ ತಲೆ ಒಡೆದು ನೀರಿಗೆ ಬಿದ್ದರು. ರುದ್ರೇಶ ನಾಲ್ಕೂಕಾಲರ ಬಸ್ಸಿಗೆ ವಾಪಸ್ ಹೋದೆ ಅಂದ. ಟಿಕೆಟ್ ಬಿಸಾಕಿದ್ದ. ಯಾರು ಇಟ್ಟುಕೊಳ್ಳುತ್ತಾರೆ?

ಅವನನ್ನು ಒಳಗೆ ಹಾಕಿದ್ದು ಸ್ಪಂದನಾ. ಹಾಸನದ ಜೈಲಿನಲ್ಲಿದ್ದಾನೆ. ಚಾರ್ಜ್‌ಶೀಟ್ ಹೋದರೆ ವಿಚಾರಣೆ ಮುಗಿಯುವವರೆಗೆ ಅಲ್ಲೇ. ಎರಡು ವರ್ಷವಾಗಬಹುದು, ನಾಲ್ಕೂ ಆಗಬಹುದು. ಅವನ ಹೆಂಡತಿ ಮಾನ್ಯ ಒಬ್ಬಳೇ ಪ್ರೆಸ್ಸು ನಡೆಸುತ್ತಿದ್ದಾಳೆ. ದಿನಾ ಸಂಜೆ ಸ್ಪಂದನಾಗೆ ಫೋನು ಮಾಡಿ ಒಂದೇ ಪದ ಕೇಳುತ್ತಾಳೆ. ‘ಇವತ್ತು?’ ಸ್ಪಂದನಾ ‘ಇವತ್ತಿಲ್ಲ’ ಅನ್ನುತ್ತಾಳೆ. ಮಾನ್ಯ ಅಳುವುದಿಲ್ಲ, ಬೈಯುವುದಿಲ್ಲ. ಫೋನು ಇಡುತ್ತಾಳೆ.

ಬಸ್‌ಸ್ಟ್ಯಾಂಡಿನ ಗೋಡೆಗೆ ಹೊಸ ಸಿನಿಮಾದ ಪೋಸ್ಟರ್ ಅಂಟಿಸಿದ್ದರು. ಹೀರೋಗಿಂತ ಡೈರೆಕ್ಟರ್ ಹೆಸರೇ ದೊಡ್ಡದು. ಹಾಲೆಮನೆ ರವೀಂದ್ರ.

“ನಮ್ಮೂರ್ ನಾಟಕದಾಗೆ ದುಸ್ಸಾಸನನ ಪಾರ್ಟು ಮಾಡ್ತಿದ್ದ ಮೇಡಂ ಇವ್ನು,” ಸ್ಟೇರಿಂಗ್ ಹಿಡಿದಿದ್ದ ಹೆಡ್‌ಕಾನ್‌ಸ್ಟೇಬಲ್ ಭೀಮ ಹೇಳಿದ. “ಸೀರೆ ಎಳಿ ಅಂದ್ರೆ ನಾಚ್ಕೋತಿದ್ದ. ಈಗ ನೋಡಿ. ಬಣ್ಣ ಅಚ್ಚೋರಿಗೆ ಕಾಲ ಬಂತು.”

“ಇನ್ನೊಂದು ಸಲ ಹೇಳಿ.”

“ಕಾಲ ಬಂತು ಅಂದೆ.”

“ಅದಕ್ಕೆ ಮುಂಚೆ.”

“ಬಣ್ಣ ಅಚ್ಚೋರು.”

“ಜೀಪ್ ನಿಲ್ಲಿಸಿ.”

ಅವಳು ಸೀಟಿನ ಹಿಂದಿನಿಂದ ಫೈಲು ತೆಗೆದಳು. ಮೇಲೆಯೇ ಮೇಷ್ಟ್ರ ಚೀಲದಲ್ಲಿ ಸಿಕ್ಕ ಪ್ರೂಫ್ ಹಾಳೆಗಳಿದ್ದವು. ಪ್ರತಿ ಹಾಳೆಯ ನಾಲ್ಕು ಮೂಲೆಯಲ್ಲೂ ಕತ್ತರಿಸುವ ಜಾಗಕ್ಕೆ ಒಂದೊಂದು ಸಣ್ಣ ಕೂಡು ಗುರುತು, ಲೆಕ್ಕದ ಪ್ಲಸ್ಸಿನಂಥದ್ದು. ಪುಟ ನೂರಾ ಹನ್ನೊಂದು ಇತ್ತು, ನೂರಾ ಹದಿಮೂರು ಇತ್ತು. ನಡುವಿನದು ಇರಲಿಲ್ಲ. ಹಾಲೆಮನೆಯ ಮೂವರ ಪುಟ ಅದೇ. ಹೋಟೆಲಿನ ಜಗಳವೂ ಅದರದ್ದೇ. ಮೇಷ್ಟ್ರು ಅದನ್ನು ನಾಲ್ಕು ಸಲ ತಿದ್ದಿಸಿದರು ಎಂದು ರುದ್ರೇಶ ಮೊದಲ ದಿನವೇ ಹೇಳಿದ್ದ. ‘ಒಂದಿನ ಹಾ ತೆಗಿ ಅಂತಾರೆ, ಮಾರನೇ ದಿನ ಹಾಕು ಅಂತಾರೆ. ಕೊನೇಗೆ ತೆಗಿ ಅಂದ್ರು. ತೆಗೆದೆ. ಒಂದಕ್ಷರಕ್ಕೆ ನಾಲ್ಕು ಸಲ ಬಸ್ ಹತ್ತಿದೀನಿ ಸಾ.’ ಆಗ ಅದು ಯಾರಿಗೂ ಅರ್ಥವಾಗಿರಲಿಲ್ಲ.

ಪ್ರೂಫ್ ಪಕ್ಕಕ್ಕಿಟ್ಟು ಅವಳು ನಾಲ್ಕನೇ ಸಾಕ್ಷಿಯ ಹೇಳಿಕೆ ತೆಗೆದಳು. ಹೊಳೆಕಟ್ಟೆಯಲ್ಲಿ ಬಟ್ಟೆ ಒಗೆಯುವ ಬಸವಲಿಂಗಮ್ಮನದ್ದು. ‘ಸಂಜೆ ಐದೂವರೆ ಸಮಯದಲ್ಲಿ ಮೇಷ್ಟರ ಜೊತೆಯಲ್ಲಿ ಅಚ್ಚಿನವನು ಇದ್ದನು.’ ಕೆಳಗೆ ಹೆಬ್ಬೆಟ್ಟು.

“ಇದು ನಿಮ್ಮ ಬರಹ. ಅವಳ ಬಾಯಲ್ಲಿ ಬಂದದ್ದು ಏನು?”

ಭೀಮ ಇಣುಕಿ ನೋಡಿದ. “ಇದೇ.”

“ಅಚ್ಚಿನವನು ಇದ್ದನು ಅಂದಳಾ? ಬಸವಲಿಂಗಮ್ಮ?”

“ಅಂಗಲ್ಲ. ಅಚ್ಚೋರಿದ್ರು ಅಂದ್ಲು. ಅಂಗೇ ಬರೆಯಕಾಯ್ತದಾ ಮೇಡಂ? ಕೋರ್ಟಿಗೋಗೋ ಕಾಗ್ದ. ಸುದ್ದ ಮಾಡಿ ಬರೆದೆ.”

“ಅಚ್ಚೋರು ಅಂದರೆ ಯಾರು?”

“ಅಚ್ಚಾಕೋರು. ಪ್ರೆಸ್ಸಿನೋರು. ರುದ್ರೇಶ ಆಗ್ಲೇ ಸ್ಟೇಷನ್ ಬೆಂಚಲ್ಲಿ ಕೂತಿದ್ನಲ್ಲ.”

“ಈಗ ನೀವು ಬಣ್ಣ ಅಚ್ಚೋರು ಅಂದಿರಿ.”

ಭೀಮ ತನ್ನ ಬರಹವನ್ನೇ ಇನ್ನೊಂದು ಸಲ ಓದಿದ.

ಮೇಷ್ಟ್ರು ಇಲ್ಲದ ‘ಹ’ ಸೇರಿಸಿ ಒಬ್ಬ ಹುಡುಗನನ್ನು ಬೇರೆ ಮನೆಗೆ ಕಳಿಸಿದರು. ಪೊಲೀಸರು ಇದ್ದ ‘ಹ’ವನ್ನು ಕಾಣದೆ ಒಬ್ಬನನ್ನು ಜೈಲಿಗೆ ಕಳಿಸಿದರು. ಹೇಳಿಕೆಯ ಕೆಳಗೆ ‘ಓದಿ ಹೇಳಲಾಗಿ ಸರಿಯಿದೆ ಎಂದು ಒಪ್ಪಿದರು’ ಎಂದಿತ್ತು. ಅದರ ಕೆಳಗೆ ಸ್ಪಂದನಾಳ ಸಹಿ. ಅವಳು ಓದಿ ಹೇಳಿರಲಿಲ್ಲ. ಆವತ್ತು ಊಟ ಮಾಡಿರಲಿಲ್ಲ, ಬೇಗ ಮುಗಿಯಲಿ ಅನಿಸಿತ್ತು. ಅದಕ್ಕಿಂತ ದೊಡ್ಡ ಕಾರಣ ಹುಡುಕಿದರೆ ಸಿಗುವುದಿಲ್ಲ.

“ಅಂಗಾರೆ ರವೀಂದ್ರನೇ,” ಭೀಮ ಮೆಲ್ಲಗೆ ಅಂದ. “ಬಣ್ಣದೋನು.”

“ಆವತ್ತು ಸಂಜೆ ಅವನು ಮೈಸೂರಿನಲ್ಲಿ ಸ್ಟೇಜ್ ಮೇಲಿದ್ದ. ಟೀವಿಯಲ್ಲಿ ನೇರ ಪ್ರಸಾರ. ಸಾವಿರ ಜನ ನೋಡಿದ್ದಾರೆ. ನಾನೂ ರೆಕಾರ್ಡಿಂಗ್ ನೋಡಿದ್ದೀನಿ.”

“ಮತ್ತೆ?”

“ಬಣ್ಣ ಅಲ್ಲದೆ ಜನ ಇನ್ನೇನು ಹಚ್ಚುತ್ತಾರೆ?”

ಭೀಮ ನಿಜವಾಗಿಯೂ ಯೋಚಿಸಿದ. “ಎಣ್ಣೆ ಅಚ್ತಾರೆ. ಗಾಯಕ್ಕೆ ಸುಣ್ಣ ಅಚ್ತಾರೆ. ಬೆಂಕಿ ಅಚ್ತಾರೆ. ನಮ್ಮತ್ತೆ ಮನೇಗೇ ಅಚ್ತಾಳೆ.”

ಸ್ಪಂದನಾ ನಗಲಿಲ್ಲ. “ಹೊಳೆನರಸೀಪುರಕ್ಕೆ ಬಿಡಿ. ಮೊದಲು ಹಾಲೆಮನೆ, ಆಮೇಲೆ ಬಸವಲಿಂಗಮ್ಮ.”

“ಅವ್ಳು ಬಂದವ್ಳೆ. ಮಗಳ ಬಾಣಂತನ ಅಂತ ಸಾಲಗಾಮೆಗೋಗಿದ್ಲಲ್ಲ, ಮೊನ್ನೆ ಬಂದ್ಬುಟ್ಲು.”

---

ಕೋಟೆ ಬೀದಿಯ ಮನೆ ತಲುಪಿದಾಗ ಐದಾಗಿತ್ತು. ನಡುಮನೆಯಲ್ಲಿ ಸಂಗೀತದ ಪಾಠ ನಡೆಯುತ್ತಿತ್ತು. ಇಂಚರ ಎಂಬ ಕಾಲೇಜು ಹುಡುಗಿ ಒಂದೇ ಸ್ವರವನ್ನು ಹಿಡಿದು ನಿಲ್ಲಿಸಲು ನೋಡುತ್ತಿದ್ದಳು. ಚೂಡಾಮಣಿ ಮಣೆಯ ಮೇಲೆ ಕೂತು ತೊಡೆ ತಟ್ಟುತ್ತಿದ್ದರು. ಎಪ್ಪತ್ತನಾಲ್ಕು ವರ್ಷ, ಸಣ್ಣ ದೇಹ.

“ಇಳೀತಿದ್ದೀಯ,” ಅಂದರು. “ಗೋಡೆಗೆ ಹೊಡೆದ ಸುಣ್ಣದ ಹಾಗೆ ಉದುರ್ತಿದ್ದೀಯ. ಸಾಕು, ಹೋಗಿ ಹಾಲು ಕಾಯಿಸು.”

ಹುಡುಗಿ ಒಳಗೆ ಹೋದಳು. ಗಿರಿಧರ ಕೋಣೆಯಿಂದ ಬಂದು ಕುರ್ಚಿ ತೋರಿಸಿದರು. ಅವರ ಹಿಂದಿನ ಗೋಡೆ ತುಂಬ ಫೋಟೋ. ಎಲ್ಲದರಲ್ಲೂ ಅವರೇ, ಎಲ್ಲದರಲ್ಲೂ ಒಂದೇ ಭಂಗಿ. ಸೊಂಟ ಬಗ್ಗಿಸಿ, ಕೈಯಲ್ಲಿ ಮೇಣದ ಬತ್ತಿ ಹಿಡಿದು, ಎತ್ತರದ ದೀಪದ ಕಂಬಕ್ಕೆ ಕೈ ಚಾಚಿ, ಮುಖ ಕ್ಯಾಮೆರಾ ಕಡೆಗೆ. ವಾರ್ಷಿಕೋತ್ಸವ, ವಿಚಾರಸಂಕಿರಣ, ಸಹಕಾರ ಸಪ್ತಾಹ. ಈ ನಾಲ್ಕು ತಾಲ್ಲೂಕಿನಲ್ಲಿ ಯಾವ ಸಮಾರಂಭವಾದರೂ ಉದ್ಘಾಟನೆ ಅವರದ್ದೇ.

ದೀಪ.

ಸ್ಪಂದನಾ ಅದನ್ನು ಒಳಗೇ ಇಟ್ಟುಕೊಂಡು ಕೂತಳು.

“ಸರ್, ಮೇಷ್ಟ್ರು ಸತ್ತ ದಿನ ನಿಮ್ಮ ಮನೆಗೆ ಬಂದಿದ್ದರಾ?”

“ಬಂದಿದ್ದರು. ಬೆಳಿಗ್ಗೆ.”

“ಎಂಬತ್ತೆಂಟು ದಿನ ಹೇಳಲಿಲ್ಲ ನೀವು.”

“ನೀವು ಕೇಳಲಿಲ್ಲ.”

“ಯಾಕೆ ಬಂದಿದ್ದರು?”

ಗಿರಿಧರ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. “ಪಶ್ಚಾತ್ತಾಪ ಪಡೋಕೆ. ರವೀಂದ್ರ ನಿಮ್ಮವನಲ್ಲ, ಅವನನ್ನು ನಿಮ್ಮ ಮನೆಗೆ ಸೇರಿಸಿದ್ದು ನಾನು, ನನ್ನ ಕೆಂಪು ಪೆನ್ನು ಅಂದರು. ಪುಸ್ತಕದಲ್ಲಿ ಸರಿ ಮಾಡ್ತೀನಿ ಅಂದರು. ಸರಿ ಮಾಡಿ ಯಾರಿಗೆ ಏನು ಬರಬೇಕಿತ್ತು ಹೇಳಿ.”

“ನಿಮಗೆ ಮೊದಲೇ ಗೊತ್ತಿತ್ತಾ? ಅವನು ನಿಮ್ಮವನಲ್ಲ ಅಂತ?”

“ನಮ್ಮ ವಂಶದಲ್ಲಿ ಯಾರು ಯಾರಿದ್ದಾರೆ ಅಂತ ನಮಗೆ ಗೊತ್ತಿರಲ್ವಾ? ನಾವೇನು ಅವನನ್ನ ಹುಡುಕಿಕೊಂಡು ಹೋಗಲಿಲ್ಲ. ಜನ ಹೆಸರು ನೋಡಿ ನಂಟು ಹಚ್ಚಿದರು. ನಾವು ಇಲ್ಲ ಅನ್ನಲಿಲ್ಲ. ಅವನೂ ಅನ್ನಲಿಲ್ಲ.”

“ಯಾಕೆ ಅನ್ನಲಿಲ್ಲ?”

ಉತ್ತರ ಮಣೆಯ ಕಡೆಯಿಂದ ಬಂತು.

“ಭವನಕ್ಕೆ,” ಅಂದರು ಚೂಡಾಮಣಿ. “ಹಾಸನದಲ್ಲಿ ಹಾಲೆಮನೆ ಭವನ ಬರುತ್ತೆ. ಮೇ ತಿಂಗಳು ಶಂಕುಸ್ಥಾಪನೆ. ಕೆಳಗಿನ ಅಂತಸ್ತು ಸಂಗೀತಶಾಲೆ, ನನ್ನ ಹೆಸರಲ್ಲಿ. ಐವತ್ತು ವರ್ಷದಿಂದ ಈ ನಡುಮನೇಲಿ ಪಾಠ ಹೇಳ್ತಿದೀನಿ. ಕುಕ್ಕರ್ ಕೂಗಿದರೆ ನಿಲ್ಲಿಸಬೇಕು, ನೆಂಟರು ಬಂದರೆ ನಿಲ್ಲಿಸಬೇಕು. ಹಾಡೋಳ ಹೆಸರಿಗೆ ಯಾರು ಕಟ್ಟಡ ಕಟ್ತಾರೆ? ಪ್ರಿನ್ಸಿಪಾಲರ ಹೆಸರಿಗೂ ಕಟ್ಟಲ್ಲ. ಸಿನಿಮಾದವನ ಹೆಸರು ಸೇರಿತು, ಕಟ್ಟೋಕೆ ಒಪ್ಪಿದರು. ಅವನನ್ನ ತೆಗೆದರೆ ಭವನ ಇಲ್ಲ.”

“ಅಕ್ಕ,” ಗಿರಿಧರ ತಡೆದರು.

“ಸುಳ್ಳು ಹೇಳಿದೆನಾ?”

ಧ್ವನಿ ಏರಲಿಲ್ಲ. ಬೆಳಿಗ್ಗೆ ಏನು ಅಡುಗೆ ಎಂದು ಹೇಳುವಷ್ಟೇ ಸಲೀಸಾಗಿತ್ತು. ಸ್ಪಂದನಾ ನೋಡುತ್ತಿದ್ದದ್ದು ಗಿರಿಧರರನ್ನು. ಅವರ ಹಣೆ ಬೆವೆತಿತ್ತು.

“ಆವತ್ತು ಸಂಜೆ ಐದೂವರೆಗೆ ಎಲ್ಲಿದ್ದಿರಿ ಸರ್?”

“ಮನೇಲೇ.”

“ಯಾರು ನೋಡಿದ್ದಾರೆ?”

“ನಾನು,” ಅಂದರು ಚೂಡಾಮಣಿ. “ಇಬ್ಬರೂ ಮನೇಲೇ ಇದ್ದೆವು. ನನಗೆ ಮಂಡಿ ನೋವು. ಹೊಸ್ತಿಲು ದಾಟಿ ಎರಡು ವರ್ಷವಾಯ್ತು. ಇವನು ಹೊರಗೆ ಹೋದರೆ ನನಗೆ ನೀರು ಕೊಡೋರಿಲ್ಲ.”

ಸ್ಪಂದನಾ ಬರೆದುಕೊಳ್ಳಲು ಫೈಲು ತೆರೆದಳು. ಪ್ರೂಫಿನ ಒಂದು ಹಾಳೆ ಜಾರಿ ನೆಲಕ್ಕೆ ಬಿತ್ತು. ಅವಳ ಸಾಕ್ಸಿನ ಕಾಲು ಅದರ ತುದಿಯ ಮೇಲಿತ್ತು.

ಚೂಡಾಮಣಿ ಮಣೆಯಿಂದ ಎದ್ದು ಬಂದರು. ಬಗ್ಗಿ ಹಾಳೆ ಎತ್ತಿಕೊಂಡರು. ಕಣ್ಣಿಗೊತ್ತಿಕೊಂಡು ಅವಳ ಕೈಗೆ ಕೊಟ್ಟರು.

“ಅಕ್ಷರದ ಮೇಲೆ ಕಾಲಿಡಬಾರದಮ್ಮ. ಅಕ್ಷರ ಇರೋ ಚೂರನ್ನೂ ಈ ಮನೇಲಿ ಕಸಕ್ಕೆ ಹಾಕಲ್ಲ ನಾವು. ನೀರಿಗೂ ಹಾಕಲ್ಲ.”

“ತಪ್ಪಾಯ್ತಮ್ಮ.”

ಅವರು ದೇವರ ಗೂಡಿನ ಕಡೆ ಹೋದರು. ಗೂಡಿನಲ್ಲಿ ಮಡಿಸಿದ ಕಾಗದದ ಮೇಲೆ ಹತ್ತಿಯ ಬತ್ತಿ ಇಟ್ಟಿದ್ದರು. ಎರಡು ಉಳಿದಿದ್ದವು. ಕಾಗದದ ಮೂಲೆಯಲ್ಲಿ ಸಣ್ಣದೊಂದು ಕೂಡು ಗುರುತು. ಚೂಡಾಮಣಿ ಬತ್ತಿಗಳನ್ನು ಸರಿಸಿ ನೇರ ಮಾಡಿದರು. ಸ್ಪಂದನಾ ಅದನ್ನೆಲ್ಲ ನೋಡಿದಳು. ಗಡಿಯಾರ ನೋಡುವ ಹಾಗೆ, ಸಮಯ ತಿಳಿದುಕೊಳ್ಳದೆ ನೋಡುವ ಹಾಗೆ.

ಅವಳ ತಲೆಯಲ್ಲಿದ್ದದ್ದು ಗೋಡೆಯ ಫೋಟೋಗಳು.

“ಸರ್, ಒಂದು ಮಾತು ಹೇಳಿಬಿಡ್ತೀನಿ. ಮೇಷ್ಟ್ರ ಜೊತೆ ಹೊಳೆಕಟ್ಟೆಯಲ್ಲಿದ್ದದ್ದು ರುದ್ರೇಶ ಅಲ್ಲ.”

“ಯಾರು ಹೇಳಿದ್ದು?” ಗಿರಿಧರ ಕನ್ನಡಕ ಹಾಕಿಕೊಂಡರು.

“ಕಣ್ಣಾರೆ ಕಂಡವಳು. ಬಟ್ಟೆ ಒಗೆಯೋ ಬಸವಲಿಂಗಮ್ಮ. ಊರಿಗೆ ವಾಪಸ್ ಬಂದಿದ್ದಾಳೆ. ಅವಳ ಮಾತನ್ನ ನಾವು ತಪ್ಪಾಗಿ ಬರೆದುಕೊಂಡಿದ್ದೆವು. ಈಗ ಅಲ್ಲಿಗೇ ಹೊರಟಿದ್ದೀನಿ.”

ಗಿರಿಧರರ ಕೈ ಕುರ್ಚಿಯ ತೋಳನ್ನು ಹಿಡಿಯಿತು. ಚೂಡಾಮಣಿ ತಿರುಗಿ ನೋಡಲಿಲ್ಲ. “ಹಾಲು ಕುಡಿದು ಹೋಗಿ,” ಅಂದರು.

ಸ್ಪಂದನಾ ಕುಡಿದಳು. ಸಕ್ಕರೆ ಜಾಸ್ತಿಯಾಗಿತ್ತು.

---

ಹೇಮಾವತಿಯಲ್ಲಿ ನೀರು ಕಡಿಮೆಯಿತ್ತು. ಕಟ್ಟೆಯ ಕೆಳಗಿನ ಆರು ಮೆಟ್ಟಿಲು ಒಣಗಿ ಬೆಳ್ಳಗಾಗಿದ್ದವು. ಬಸವಲಿಂಗಮ್ಮ ಒಬ್ಬಳೇ ಕೂತು ಬೆಡ್‌ಶೀಟುಗಳನ್ನು ಮಡಿಸುತ್ತಿದ್ದಳು. ಒಂದು ಗಂಟು ಇನ್ನೂ ಒದ್ದೆಯಾಗಿಯೇ ಪಕ್ಕದಲ್ಲಿತ್ತು.

“ಬಂದ್ರಾ,” ಅಂದಳು. “ನೀವು ಬತ್ತೀರ ಅಂತ ಗೊತ್ತಿತ್ತು. ನಿಮ್ಗೆ ಎಬ್ಬೆಟ್ಟು ಎಷ್ಟು ಕೊಟ್ರೂ ಸಾಲ್ದು.”

“ಮಗು ಹೇಗಿದೆ?”

“ಎಣ್ಣು. ಚಂದಾಗದೆ. ಮೂಗು ಅವ್ರಪ್ಪಂದು, ಏನ್ಮಾಡದು.”

ಸ್ಪಂದನಾ ಮೆಟ್ಟಿಲ ಮೇಲೆ ಕೂತಳು. “ಆವತ್ತು ಮೇಷ್ಟ್ರ ಜೊತೆ ಯಾರಿದ್ದರು? ಅದೇ ಮಾತು ಇನ್ನೊಂದು ಸಲ ಹೇಳು.”

“ಏಳಿದ್ನಲ್ಲ. ಅಚ್ಚೋರು.”

“ಏನು ಅಚ್ಚೋರು?”

“ಏನು ಅಂದ್ರೆ?”

“ಪುಸ್ತಕ ಅಚ್ಚು ಹಾಕೋರಾ?”

ಬಸವಲಿಂಗಮ್ಮ ಮಡಿಸುತ್ತಿದ್ದ ಬಟ್ಟೆ ತೊಡೆಯ ಮೇಲೆ ಇಳಿಯಿತು. “ಪುಸ್ತ್ಕ ನಂಗ್ಯಾಕವ್ವ? ದೀಪ. ದೀಪ ಅಚ್ಚೋರು.”

ಹಿಂದೆ ನಿಂತಿದ್ದ ಭೀಮನ ಬೂಟು ಕಲ್ಲಿನ ಮೇಲೆ ಸದ್ದು ಮಾಡಿತು. ಸ್ಪಂದನಾ ಅವನ ಕಡೆ ನೋಡಲಿಲ್ಲ. ಹೆಸರು ಸಿಕ್ಕಿತು. ನಾಳೆ ಹತ್ತಕ್ಕೆ ರಜನೀಶ್ ಟೇಬಲ್ ಮೇಲೆ ಬೇರೆ ಹೆಸರು. ಮಾನ್ಯಳಿಗೆ ಹೇಳಲು ಬೇರೆ ಮಾತು. ಈಗಲಾದರೂ ಏನಾದರೂ ಅನಿಸಬೇಕಿತ್ತು. ಕೂತ ಕಲ್ಲು ಬೆಚ್ಚಗಿದೆ ಅನ್ನುವುದಷ್ಟೇ ಅನಿಸಿತು.

“ಕೋಟೆ ಬೀದಿ ಗಿರಿಧರ ಸಾರು. ಹೌದಾ?”

“ಅವ್ರ್ಯಾಕೆ ಬತ್ತಾರೆ ಇಲ್ಲಿಗೆ?” ಬಸವಲಿಂಗಮ್ಮ ಅವಳನ್ನೇ ನೋಡಿದಳು, ಮಂಕು ಹುಡುಗಿಯನ್ನು ನೋಡುವ ಹಾಗೆ. “ಅವ್ರು ಮೈಕ್ ಇರೋ ತಾವ ಅಚ್ತಾರೆ. ನಾ ಏಳಿದ್ದು ಅವ್ರಕ್ಕ. ಆಡೋ ಅಮ್ಮ. ಕಾರ್ತಿಕ ತಿಂಗ್ಳೆಲ್ಲ ದಿನಾ ಸಂಜೆ ಬಂದು ಈ ಮೆಟ್ಲ ಮೇಲೆ ದೀಪ ಅಚ್ಚೋರು ಆಯಮ್ಮನೇ.”

“ಅಚ್ಚಿನವನು ಇದ್ದನು ಅಂತ ಬರೆದಿದೆ.”

“ಇದ್ರು ಅಂದೆ. ದೊಡ್ಡೋರ್ನ ಇದ್ಲು ಅಂತೀನಾ?”

ಗೌರವಕ್ಕೆ ಹೇಳಿದ ‘ಇದ್ರು’ ಭೀಮನ ಪೆನ್ನಿನಲ್ಲಿ ‘ಇದ್ದನು’ ಆಗಿತ್ತು. ಒಂದು ‘ಹ’ ಹೋಯಿತು, ಅದರ ಜೊತೆ ಒಬ್ಬ ಹೆಂಗಸೂ ಹೋದಳು.

“ಅವರಿಗೆ ಮಂಡಿ ನೋವಂತೆ. ಮನೆಯಿಂದ ಹೊರಗೇ ಬರಲ್ಲವಂತೆ.”

“ಯಾರಂದ್ರು? ನನ್ಗಿಂತ ಜೋರಾಗಿ ಇಳೀತಾರೆ ಮೆಟ್ಲ.”

ಮಣೆಯಿಂದ ಎದ್ದದ್ದು ನೆನಪಾಯಿತು. ಕೈ ಊರಿರಲಿಲ್ಲ. ಗೋಡೆ ಹಿಡಿದಿರಲಿಲ್ಲ. ಬಗ್ಗಿ ಹಾಳೆ ಎತ್ತಿದ್ದರು. ಅಕ್ಷರ ಇರುವ ಚೂರನ್ನೂ ಕಸಕ್ಕೆ ಹಾಕಲ್ಲ, ನೀರಿಗೂ ಹಾಕಲ್ಲ. ಇಬ್ಬರೂ ಮನೇಲೇ ಇದ್ದೆವು ಅಂದದ್ದು ತಮ್ಮನನ್ನು ಉಳಿಸಲು ಎಂದುಕೊಂಡಿದ್ದಳು.

ಮತ್ತೆ ಗೂಡು. ಬತ್ತಿಯ ಕೆಳಗಿನ ಕಾಗದ. ಮೂಲೆಯ ಕೂಡು ಗುರುತು.

ನೂರಾ ಹನ್ನೆರಡನೇ ಪುಟ ಮೂರು ತಿಂಗಳಿಂದ ದೇವರ ಗೂಡಿನಲ್ಲಿತ್ತು. ಎಸೆಯಲು ಕೈ ಬಂದಿರಲಿಲ್ಲ ಅವರಿಗೆ. ಎರಡು ಬತ್ತಿ ಉಳಿದಿತ್ತು. ಒಂದು ದೀಪಕ್ಕೆ ಎರಡು ಬತ್ತಿ ಬೇಕು. ಅಂದರೆ ಇವತ್ತಿಗೆ ಮುಗಿಯಿತು. ಬತ್ತಿ ಮುಗಿದ ಮೇಲೆ ಆ ಕಾಗದ ಅಲ್ಲಿರಬೇಕಾದ ಕಾರಣವಿಲ್ಲ. ಕಸಕ್ಕಿಲ್ಲ, ನೀರಿಗಿಲ್ಲ. ಉಳಿದದ್ದು ಬೆಂಕಿ.

ಗಂಟೆ ಐದೂ ಐವತ್ತು.

“ಇಲ್ಲೇ ಇರು,” ಸ್ಪಂದನಾ ಎದ್ದಳು. “ಹೇಳಿಕೆ ಮತ್ತೆ ಬರೆಸಬೇಕು. ನಾನು ಬರೋವರೆಗೂ ಎಲ್ಲೂ ಹೋಗಬೇಡ.”

“ಎಲ್ಲಿಗೋಗ್ಲಿ? ಈ ಗಂಟು ಇಂಡಬೇಕಲ್ಲ.”

---

ಸಂತೆಯ ದಿನ. ಮಾರುಕಟ್ಟೆ ರಸ್ತೆಯಲ್ಲಿ ಆಲೂಗಡ್ಡೆ ಲಾರಿ ಅಡ್ಡ ನಿಂತಿತ್ತು. ಭೀಮ ಹಾರನ್ ಒತ್ತಿ ಹಿಡಿದ. ಲಾರಿಯವನು ಕೈ ತೋರಿಸಿ ಬೀಡಿ ಸೇದಿದ. ಹತ್ತು ನಿಮಿಷ ಹೋಯಿತು.

ಹಾಲೆಮನೆಯ ಬಾಗಿಲಲ್ಲಿ ಇಂಚರ ನಿಂತಿದ್ದಳು, ಹೆಗಲಿಗೆ ಬ್ಯಾಗು ಹಾಕಿಕೊಂಡು. ಸ್ಪಂದನಾ ಅವಳನ್ನು ದಾಟಿ ನಡುಮನೆಗೆ ಹೋದಳು. ಗೂಡು ಖಾಲಿ. ಬತ್ತಿ ಇಲ್ಲ, ಕಾಗದ ಇಲ್ಲ. ಗಿರಿಧರ ಅದೇ ಕುರ್ಚಿಯಲ್ಲಿ ಅದೇ ತೋಳು ಹಿಡಿದು ಕೂತಿದ್ದರು.

“ಟೀಚರ್ ಎಲ್ಲಿ?”

“ಹೊಳೆಗೆ ಹೋದ್ರು,” ಇಂಚರ ಹೇಳಿದಳು. “ದೀಪ ಹಚ್ಚೋಕೆ.”

“ಇದು ಕಾರ್ತಿಕ ಅಲ್ಲ.”

“ನಾನೂ ಅದೇ ಅಂದೆ. ಬತ್ತಿ ಉಳಿದಿದೆ, ಹಚ್ಚಿ ಬರ್ತೀನಿ ಅಂದ್ರು. ಹೋಗಿ ಹತ್ತು ನಿಮಿಷ ಆಯ್ತು. ಹಿತ್ತಿಲ ಸಂದೀಲಿ ಹೋದ್ರೆ ಐದು ನಿಮಿಷ.”

“ನಡೆದುಕೊಂಡಾ?”

ಇಂಚರಗೆ ಪ್ರಶ್ನೆ ಅರ್ಥವಾಗಲಿಲ್ಲ. “ದಿನಾ ನಡೆದುಕೊಂಡೇ ಓಡಾಡ್ತಾರಲ್ಲ ಮೇಡಂ.”

ಬಸವಲಿಂಗಮ್ಮನ ಹೆಸರು ಈ ಮನೆಯಲ್ಲಿ ಹೇಳಿದ್ದು ಸ್ಪಂದನಾ. ಅವಳನ್ನು ಕಟ್ಟೆಯಲ್ಲೇ ಇರು ಅಂದದ್ದೂ ಸ್ಪಂದನಾ. ಅವಳ ಬಾಯಿಯ ಮಾತು ಬಿಟ್ಟರೆ ರುದ್ರೇಶನಿಗೆ ಬೇರೆ ಏನೂ ಇರಲಿಲ್ಲ. ಹೊಸ ಹೇಳಿಕೆಗೆ ಇನ್ನೂ ಹೆಬ್ಬೆಟ್ಟು ಬಿದ್ದಿರಲಿಲ್ಲ.

ಹಿತ್ತಿಲ ಬಾಗಿಲು ತೆರೆದೇ ಇತ್ತು. ಅವಳು ಓಡಿದಳು. ಸಂದಿ ಕಿರಿದಾಗಿತ್ತು, ಚರಂಡಿ ಕಲ್ಲು ಸಡಿಲವಾಗಿತ್ತು. ಹಿಂದೆ ಭೀಮನ ಏದುಸಿರು. ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು. ನೋಡದೆಯೇ ತೆಗೆದು ಕಿವಿಗಿಟ್ಟುಕೊಂಡಳು.

ಸಂದಿ ಮುಗಿದು ಕಟ್ಟೆ ಕಾಣಿಸಿತು. ಬೆಳಕು ಇನ್ನೂ ಇತ್ತು. ಮೇಲಿನ ಮೆಟ್ಟಿಲ ಮೇಲೆ ಎರಡು ಬತ್ತಿಯ ದೀಪ ಒಂದು ನೆಟ್ಟಗೆ ಉರಿಯುತ್ತಿತ್ತು. ಪಕ್ಕದಲ್ಲಿ ಒಂದು ಹಿಡಿ ಕರಿ ಬೂದಿ, ಕಾಗದದ್ದು, ಇನ್ನೂ ಮಡಿಕೆ ಬಿಟ್ಟಿರಲಿಲ್ಲ. ಕೆಳಗೆ ಒದ್ದೆ ಗಂಟು ಬಿಚ್ಚಿಕೊಂಡು ಅರ್ಧ ಬೆಡ್‌ಶೀಟು ನೀರಿಗೆ ಇಳಿದಿತ್ತು.

ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

“ಇವತ್ತು?” ಅಂದಳು ಮಾನ್ಯ, ಕಿವಿಯಲ್ಲಿ.